ಬಿಎಂಡಬ್ಲ್ಯು ಯಾಕೆ ತಾರೀಕು ಹೇಳಲಿಲ್ಲ? ದುಬಾರಿ ಕಾರು ಕಂಪನಿಗಳ ಎಲೆಕ್ಟ್ರಿಕ್ ಲೆಕ್ಕಾಚಾರ

ಮಲ್ಲೇಶ್ವರದ ಮಂಜ

2021ರಲ್ಲಿ ದುಬಾರಿ ಕಾರು ಕಂಪನಿಗಳು ಒಂದರ ಹಿಂದೆ ಒಂದು ಪೆಟ್ರೋಲಿಗೆ ಕೊನೆ ತಾರೀಕು ಹೇಳಿದ್ದು ನೆನಪಿದೆಯಾ? ಫೆಬ್ರವರಿಯಲ್ಲಿ ಜಾಗ್ವಾರ್, 2025ರಿಂದ ಬರೀ ಎಲೆಕ್ಟ್ರಿಕ್ ಅಂದಿತು. ಮಾರ್ಚಿನಲ್ಲಿ ವೋಲ್ವೋ 2030 ಅಂದಿತು. ಜೂನಿನಲ್ಲಿ ಔಡಿ, 2026ರಿಂದ ಬರುವ ಹೊಸ ಮಾಡೆಲ್ ಎಲ್ಲ ಎಲೆಕ್ಟ್ರಿಕ್, 2033ಕ್ಕೆ ಎಂಜಿನ್ ಬಂದ್ ಅಂದಿತು. ಜುಲೈನಲ್ಲಿ ಮರ್ಸಿಡಿಸ್, ಈ ದಶಕದ ಕೊನೆಗೆ ಪೂರ್ತಿ ಎಲೆಕ್ಟ್ರಿಕ್‌ಗೆ ತಯಾರಿರುತ್ತೇವೆ ಅಂದಿತು. ಜೊತೆಗೆ ‘ಮಾರುಕಟ್ಟೆ ಒಪ್ಪಿದ ಕಡೆ’ ಅಂತ ಮೆಲ್ಲಗೆ ಒಂದು ಬಾಲ ಸೇರಿಸಿತು. ಮರುವರ್ಷ ಪೋರ್ಷೆ, 2030ಕ್ಕೆ ಶೇ 80ಕ್ಕಿಂತ ಜಾಸ್ತಿ ಅಂದಿತು.

ಬಿಎಂಡಬ್ಲ್ಯು ಮಾತ್ರ ಎಂಜಿನ್ನಿಗೆ ಕೊನೆ ದಿನ ಹೇಳಲಿಲ್ಲ. 2030ಕ್ಕೆ ಅರ್ಧದಷ್ಟು ಎಲೆಕ್ಟ್ರಿಕ್ ಆಗಬಹುದು, ಉಳಿದದ್ದನ್ನು ಗಿರಾಕಿ ತೀರ್ಮಾನ ಮಾಡಲಿ ಅಂದರು ಆಗಿನ ಮುಖ್ಯಸ್ಥ ಆಲಿವರ್ ಜಿಪ್ಸೆ. ಆಗ ಎಲ್ಲರೂ ಅವರನ್ನು ಪುಕ್ಕಲ ಅಂದರು.

ಆಮೇಲೆ ಏನಾಯಿತು ನೋಡಿ. 2024ರ ಫೆಬ್ರವರಿಯಲ್ಲಿ ಮರ್ಸಿಡಿಸ್ ಹಿಂದೆ ಸರಿಯಿತು. ಜುಲೈನಲ್ಲಿ ಪೋರ್ಷೆ, ಸೆಪ್ಟೆಂಬರಿನಲ್ಲಿ ವೋಲ್ವೋ, 2025ರಲ್ಲಿ ಔಡಿ. ಬಿಎಂಡಬ್ಲ್ಯುಗೆ ವಾಪಸ್ ತಗೊಳ್ಳಲು ಮಾತೇ ಇರಲಿಲ್ಲ. ತಮಾಷೆ ಏನು ಅಂದರೆ, 2024ರಲ್ಲಿ ಎಲೆಕ್ಟ್ರಿಕ್ ಜಾಸ್ತಿ ಮಾರಿದ್ದೂ ಅವರೇ. ಮಿನಿ, ರೋಲ್ಸ್ ರಾಯ್ಸ್ ಸೇರಿ 4.26 ಲಕ್ಷ ಕಾರು. ಮರ್ಸಿಡಿಸ್ ಕಾರುಗಳು 1.85 ಲಕ್ಷ, ಅದೂ ಹಿಂದಿನ ವರ್ಷಕ್ಕಿಂತ ಶೇ 23 ಕಡಿಮೆ.

ನನ್ನ ವಾದ ಇಷ್ಟು. ಇದರಲ್ಲಿ ಬ್ಯಾಟರಿ, ಮೋಟಾರ್ ಎಲ್ಲ ಆಮೇಲಿನ ಮಾತು. ನಿಜವಾದ ವ್ಯತ್ಯಾಸ ಇರುವುದು ಫ್ಯಾಕ್ಟರಿ ಒಳಗೆ, ಅಸೆಂಬ್ಲಿ ಲೈನಿನಲ್ಲಿ. ಒಪ್ಪದವರು ಬನ್ನಿ.

ಡೀಸೆಲ್ ದಾಸ

ಮಂಜಣ್ಣ, ಅದು ಜಾಣತನ ಅಲ್ಲ, ಮೊದಲೇ ಕೈ ಸುಟ್ಟುಕೊಂಡಿದ್ದರು ಅಷ್ಟೇ. 2013ರಲ್ಲೇ ಐ3 ಅನ್ನುವ ಎಲೆಕ್ಟ್ರಿಕ್ ಕಾರು ತಂದರು. ಬಾಡಿ ಕಾರ್ಬನ್ ಫೈಬರ್. ಆ ಫೈಬರ್ ತಯಾರಿಸಲು ಅಮೆರಿಕದ ಮೋಸೆಸ್ ಲೇಕ್‌ನಲ್ಲಿ ಪಾಲುದಾರಿಕೆಯಲ್ಲಿ ಫ್ಯಾಕ್ಟರಿ, ಕಾರು ಜೋಡಿಸಲು ಲೈಪ್‌ಜಿಗ್‌ನಲ್ಲಿ ಬೇರೆ ವ್ಯವಸ್ಥೆ. 2022ರಲ್ಲಿ ನಿಲ್ಲಿಸುವ ಹೊತ್ತಿಗೆ ಹತ್ತಿರ ಹತ್ತಿರ ಎರಡೂವರೆ ಲಕ್ಷ ಹೋಗಿತ್ತು. ಒಳ್ಳೆ ಕಾರು, ಆದರೆ ಹಾಕಿದ ದುಡ್ಡಿಗೆ ಅದು ಯಾವ ಲೆಕ್ಕ? ಆ ಪಾಠ ಉಳಿದವರಿಗೆ ಇರಲಿಲ್ಲ. ಅದಕ್ಕೇ ಅವರು 2021ರಲ್ಲಿ ಕುಣಿದರು.

ಇಸಾರ್ ದಂಡೆ

ಮ್ಯೂನಿಕ್‌ನಿಂದ ಬರೆಯುತ್ತಿದ್ದೇನೆ. ನಾನು ಕಾರು ಕಂಪನಿಯವನಲ್ಲ, ಆದರೆ ಇಲ್ಲಿ ಬೇಕರಿಯಲ್ಲೂ ಇದೇ ಮಾತು.

ಮಂಜ ಹೇಳಿದ ಲೈನಿನ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಡಿಂಗೋಲ್ಫಿಂಗ್ ಅಂತ ಒಂದು ಊರು, ಮ್ಯೂನಿಕ್‌ನಿಂದ ಸುಮಾರು ನೂರು ಕಿಲೋಮೀಟರ್. ಅಲ್ಲಿ 7 ಸೀರೀಸ್ ಪೆಟ್ರೋಲ್ ಕಾರಿನ ಹಿಂದೆಯೇ ಎಲೆಕ್ಟ್ರಿಕ್ ಐ7 ಬರುತ್ತದೆ, ಅದೇ ಲೈನ್, ಅದೇ ಕೆಲಸಗಾರರು. 5 ಸೀರೀಸ್, ಐ5 ಕೂಡ ಹಾಗೇ. ಈ ತಿಂಗಳು ಎಲೆಕ್ಟ್ರಿಕ್ ಆರ್ಡರ್ ಕಡಿಮೆ ಆದರೆ ಪೆಟ್ರೋಲ್ ಜಾಸ್ತಿ ಹಾಕುತ್ತಾರೆ. ಮುಂದಿನ ವರ್ಷ ಸರ್ಕಾರ ಸಬ್ಸಿಡಿ ಕೊಟ್ಟರೆ ಉಲ್ಟಾ. ಫ್ಯಾಕ್ಟರಿ ಖಾಲಿ ಕೂರುವುದಿಲ್ಲ.

ಈಗ ಬ್ರಸೆಲ್ಸ್ ನೋಡಿ. ಔಡಿಯ ಅಲ್ಲಿನ ಕಾರ್ಖಾನೆಯಲ್ಲಿ ಆಗುತ್ತಿದ್ದದ್ದು ಎಲೆಕ್ಟ್ರಿಕ್ ಕ್ಯೂ8 ಇ-ಟ್ರಾನ್ ಮಾತ್ರ. ಅದರ ಬೇಡಿಕೆ ಕುಸಿಯಿತು. ಬೇರೆ ಕಾರು ತಂದು ಹಾಕಲು ಕಂಪನಿಗೆ ಮನಸ್ಸಿರಲಿಲ್ಲ. 2025ರ ಫೆಬ್ರವರಿ 28ಕ್ಕೆ ಬಾಗಿಲು ಹಾಕಿದರು. ಸುಮಾರು 3,000 ಜನರ ಕೆಲಸ ಹೋಯಿತು. ಕಾರು ಕೆಟ್ಟದ್ದು ಅಂತ ಅಲ್ಲ. ಆ ಕಟ್ಟಡಕ್ಕೆ ಬೇರೆ ಕೆಲಸ ಇರಲಿಲ್ಲ, ಅಷ್ಟೇ.

ಆದರೆ ಒಂದು ಮಾತು. ಎರಡಕ್ಕೂ ಹೊಂದುವ ಬಾಡಿ ಅಂದರೆ ಎರಡಕ್ಕೂ ಸ್ವಲ್ಪ ನಷ್ಟ. ಬಿಎಂಡಬ್ಲ್ಯುನ ಎಲೆಕ್ಟ್ರಿಕ್ ಐ4 ಹಿಂದಿನ ಸೀಟಿನ ಮಧ್ಯದಲ್ಲಿ ಕೂತು ನೋಡಿ. ನೆಲದಲ್ಲಿ ಉಬ್ಬು. ಎಲೆಕ್ಟ್ರಿಕ್ ಕಾರಿಗೆ ಅದು ಬೇಡವೇ ಬೇಡ. ಪೆಟ್ರೋಲ್ ಕಾರಿನ ಗೇರ್‌ಬಾಕ್ಸಿಗೂ ಶಾಫ್ಟಿಗೂ ಬಿಟ್ಟ ಜಾಗ ಹಾಗೇ ಉಳಿದಿದೆ. ಬಾನೆಟ್ ಉದ್ದ, ಕಾಲಿಗೆ ಜಾಗ ಕಡಿಮೆ.

ಘಟ್ಟದ ಗಾಡಿ

ಮಧ್ಯದ ಸೀಟಿನಲ್ಲಿ ಕೂರುವವರ ಮಾತು ಕಾರು ಕೊಳ್ಳುವಾಗ ಯಾರು ಕೇಳುತ್ತಾರೆ ಸ್ವಾಮಿ 😄

ಆದರೆ ಹಿಂದಿನ ಸೀಟು ಅಂದ ಮೇಲೆ ಮರ್ಸಿಡಿಸ್ ಕಥೆ ಹೇಳಲೇಬೇಕು. ಅವರು ಬಿಎಂಡಬ್ಲ್ಯು ಮಾಡಿದ್ದಕ್ಕೆ ಪೂರ್ತಿ ವಿರುದ್ಧ ಮಾಡಿದರು. ಎಲೆಕ್ಟ್ರಿಕ್‌ಗೇ ಅಂತ ಬೇರೆ ಪ್ಲಾಟ್‌ಫಾರ್ಮ್ (ಅಂದರೆ ಕಾರಿನ ಅಡಿಪಾಯ), ಇಕ್ಯೂ ಅಂತ ಬೇರೆ ಹೆಸರು, ಬೇರೆ ಮುಖ. 2021ರ ಇಕ್ಯೂಎಸ್ ಕಾರಿಗೆ ಗಾಳಿ ಒಡ್ಡುವ ತಡೆಯ ಅಂಕ 0.20, ಇದು ಕಡಿಮೆ ಇದ್ದಷ್ಟೂ ಒಳ್ಳೆಯದು. ಎಂಜಿನಿಯರಿಂಗ್ ದೃಷ್ಟಿಯಿಂದ ಅದ್ಭುತ. ಆದರೆ ಗಾಳಿಗಾಗಿ ತಿದ್ದಿ ತಿದ್ದಿ ಕಾರು ನದಿಯ ಕಲ್ಲಿನ ಥರ ನುಣ್ಣಗೆ ಆಯಿತು. ಮರ್ಸಿಡಿಸ್‌ನ ದೊಡ್ಡ ಕಾರು ಎಸ್-ಕ್ಲಾಸ್ ಕೊಳ್ಳುವವನು ಬಾನೆಟ್ ಮೇಲೆ ನಿಂತ ನಕ್ಷತ್ರಕ್ಕೆ, ಹಿಂದೆ ಕಾಲು ಚಾಚಲು ದುಡ್ಡು ಕೊಡುತ್ತಾನೆ. ಇಲ್ಲಿ ನಕ್ಷತ್ರ ಗ್ರಿಲ್ ಒಳಗೆ ಹೋಯಿತು, ಚಾವಣಿ ಹಿಂದಕ್ಕೆ ಇಳಿಯಿತು. ಚೀನಾದಲ್ಲಿ ಬಿದ್ದ ಪೆಟ್ಟು ಎಷ್ಟು ಅಂದರೆ, 2022ರ ನವೆಂಬರಿನಲ್ಲಿ ಇಕ್ಯೂಎಸ್‌ನ ಕೆಲವು ಮಾದರಿಗಳಿಗೆ 2 ಲಕ್ಷ ಯುವಾನ್‌ಗಿಂತ ಜಾಸ್ತಿ ಬೆಲೆ ಇಳಿಸಿದರು. ಆ ದುಡ್ಡಿಗೆ ಅಲ್ಲಿ ಇನ್ನೊಂದು ಒಳ್ಳೆ ಕಾರೇ ಬರುತ್ತಿತ್ತು.

ಭಾರತದಲ್ಲಿ ಅದೇ ಇಕ್ಯೂಎಸ್ 580 ಅನ್ನು ಪುಣೆ ಹತ್ತಿರ ಚಾಕಣ್‌ನಲ್ಲಿ ಜೋಡಿಸಿ 2022ರಲ್ಲಿ 1.55 ಕೋಟಿಗೆ ಕೊಟ್ಟರು. ಪೂರ್ತಿ ಆಮದು ಮಾಡಿದ್ದರೆ ಆ ಬೆಲೆಗೆ ಕನಸಲ್ಲೂ ಸಿಗುತ್ತಿರಲಿಲ್ಲ. ಅದನ್ನು ಮೆಚ್ಚಲೇಬೇಕು.

ಮಲ್ಲೇಶ್ವರದ ಮಂಜ

ಸರಿಯಾಗಿ ಹೇಳಿದಿರಿ. ಈಗ ಇಕ್ಯೂ ಅನ್ನು ಬೇರೆ ಕಾರಿನ ಹೆಸರಾಗಿ ಇಡುವುದನ್ನೇ ಬಿಡುತ್ತಿದ್ದಾರೆ. ಹೊಸ ಎಲೆಕ್ಟ್ರಿಕ್ ಜಿಎಲ್‌ಸಿ ಹೆಸರಿಗೂ ಮುಖಕ್ಕೂ ಜಿಎಲ್‌ಸಿಯೇ. 2025ರ ಸಿಎಲ್‌ಎ ಒಂದೇ ಪ್ಲಾಟ್‌ಫಾರ್ಮಿನಲ್ಲಿ ಎಲೆಕ್ಟ್ರಿಕ್ಕೂ ಬರುತ್ತದೆ, ಪೆಟ್ರೋಲ್ ಹೈಬ್ರಿಡ್ಡೂ ಬರುತ್ತದೆ. ಅಂದರೆ ಸುತ್ತಿ ಬಳಸಿ ಬಿಎಂಡಬ್ಲ್ಯು ದಾರಿಗೇ ಬಂದರು.

ವೋಲ್ಟ್ ವನಜ

ಇಲ್ಲ ಮಂಜಣ್ಣ, ಅದು ಬಿಎಂಡಬ್ಲ್ಯು ದಾರಿ ಅಲ್ಲ. ಬಿಎಂಡಬ್ಲ್ಯು ಪೆಟ್ರೋಲ್ ಕಾರಿನ ಬಾಡಿಯೊಳಗೆ ಬ್ಯಾಟರಿ ತೂರಿಸಿತು. ಸಿಎಲ್‌ಎಯನ್ನು ಮೊದಲು ಎಲೆಕ್ಟ್ರಿಕ್ ಅಂತ ಯೋಚಿಸಿ, ಆಮೇಲೆ ಅದರಲ್ಲಿ ಎಂಜಿನ್ ಕೂರಿಸಿದ್ದಾರೆ. ಬೇಗ ಚಾರ್ಜ್ ಆಗುವ 800 ವೋಲ್ಟ್ ವ್ಯವಸ್ಥೆ, ಹಿಂದಿನ ಮೋಟಾರಿಗೆ ಎರಡು ಗೇರು, 85 ಕಿಲೋವ್ಯಾಟ್-ಗಂಟೆ ಬ್ಯಾಟರಿಯಲ್ಲಿ ಯುರೋಪಿನ ಪರೀಕ್ಷೆ ಪ್ರಕಾರ 792 ಕಿಮೀವರೆಗೆ. ಬ್ಯಾಟರಿ ದೊಡ್ಡದು ಮಾಡದೆ ದೂರ ಜಾಸ್ತಿ ಮಾಡಿರುವುದು ಇಲ್ಲಿ ಮುಖ್ಯ. ಬ್ಯಾಟರಿಯೇ ಕಾರಿನ ಅತಿ ದುಬಾರಿ ಭಾಗ ಅಲ್ವಾ.

ಮತ್ತೆ ಎಲ್ಲರೂ ಲೈನು, ಬಾಡಿ ಅಂತಿದ್ದೀರಿ, ಸಾಫ್ಟ್‌ವೇರ್ ಯಾರೂ ಎತ್ತಲಿಲ್ಲ. ನಾನು ಇದೇ ಕ್ಷೇತ್ರದವಳು, ಬೆಂಗಳೂರಿನಲ್ಲೇ ಕೆಲಸ, ಯಾವ ಕಂಪನಿ ಅಂತ ಕೇಳಬೇಡಿ. ಔಡಿ ಮತ್ತು ಪೋರ್ಷೆ ಎರಡೂ ಸೇರಿ ಪಿಪಿಇ ಅನ್ನುವ ಒಳ್ಳೆಯ ಎಲೆಕ್ಟ್ರಿಕ್ ಪ್ಲಾಟ್‌ಫಾರ್ಮ್ ಮಾಡಿದರು. ಅದರ ಮೇಲೆ ಔಡಿಯ ಕ್ಯೂ6 ಇ-ಟ್ರಾನ್ ಮತ್ತು ಪೋರ್ಷೆಯ ಎಲೆಕ್ಟ್ರಿಕ್ ಮಕಾನ್. ಲೋಹದ ಕೆಲಸ ಮುಗಿದಿತ್ತು. ಆದರೆ ಈ ಎರಡೂ ಕಂಪನಿಗಳ ಒಡೆಯ ಫೋಕ್ಸ್‌ವ್ಯಾಗನ್ ಗುಂಪು ಸಾಫ್ಟ್‌ವೇರಿಗೆ ಅಂತಲೇ ಕಟ್ಟಿದ ಕ್ಯಾರಿಯಾಡ್ ಕಂಪನಿ ಅದನ್ನು ಸಮಯಕ್ಕೆ ಕೊಡಲಿಲ್ಲ. ಎರಡೂ ಕಾರು 2024ಕ್ಕೆ ಹೋಯಿತು. ಗುಂಪಿನ ಮುಖ್ಯಸ್ಥ ಹರ್ಬರ್ಟ್ ಡೀಸ್ 2022ರಲ್ಲಿ ಕುರ್ಚಿ ಬಿಡಬೇಕಾಗಿ ಬಂದದ್ದಕ್ಕೆ ಇದೂ ಒಂದು ಕಾರಣ. ಕೊನೆಗೆ ಅಮೆರಿಕದ ಎಲೆಕ್ಟ್ರಿಕ್ ಕಾರು ಕಂಪನಿ ರಿವಿಯನ್ ಜೊತೆ ಸಾಫ್ಟ್‌ವೇರಿಗೆ ಶತಕೋಟಿಗಟ್ಟಲೆ ಡಾಲರಿನ ಒಪ್ಪಂದ ಮಾಡಿಕೊಂಡರು. ವೋಲ್ವೋ ಇಎಕ್ಸ್90 ತಡವಾದದ್ದೂ ಸಾಫ್ಟ್‌ವೇರಿನಿಂದಲೇ.

ಹಳೆ ಕಾರಿನಲ್ಲಿ ಹತ್ತಾರು ಸಣ್ಣ ಕಂಪ್ಯೂಟರು. ವೈಪರ್‌ಗೆ ಒಂದು, ಬಾಗಿಲಿಗೆ ಒಂದು. ಪ್ರತಿಯೊಂದರ ಸಾಫ್ಟ್‌ವೇರ್ ಬೇರೆ ಬೇರೆ ಸಪ್ಲೈಯರ್ ಬರೆಯುತ್ತಾನೆ. ಅದನ್ನೆಲ್ಲ ಕಿತ್ತು ನಾಲ್ಕಾರು ದೊಡ್ಡ ಕಂಪ್ಯೂಟರಿಗೆ ಇಳಿಸುವುದು ಅಂದರೆ ಕಂಪನಿಯ ಒಳಗಿನ ಇಲಾಖೆಗಳನ್ನೇ ಒಡೆದು ಕಟ್ಟಿದಂತೆ. ಯಾರ ಹಣ, ಯಾರ ಅಧಿಕಾರ ಅನ್ನುವ ಜಗಳ ಅದು. ಆ ಜಗಳದ ಸ್ವಲ್ಪ ಭಾಗ ನಮ್ಮ ವೈಟ್‌ಫೀಲ್ಡ್ ಕಡೆಯ ಮೀಟಿಂಗ್ ರೂಮುಗಳಲ್ಲೂ ನಡೆಯುತ್ತದೆ. ಮರ್ಸಿಡಿಸ್‌ನ ದೊಡ್ಡ ಸಂಶೋಧನಾ ಕೇಂದ್ರ ಅಲ್ಲೇ ಇದೆ. ಬಿಎಂಡಬ್ಲ್ಯು, ಟಾಟಾ ಟೆಕ್ನಾಲಜೀಸ್ ಸೇರಿ ಮಾಡಿದ ಕಂಪನಿಯೂ ಬೆಂಗಳೂರಿನಲ್ಲಿದೆ.

ಡೀಸೆಲ್ ದಾಸ

ಅಂದರೆ ಕಾರು ತಡ ಆದರೆ ನಿಮ್ಮವರನ್ನು ಬಯ್ಯಬೇಕು ಅಂತಾಯಿತು ವನಜಕ್ಕ.

ವೋಲ್ಟ್ ವನಜ

ಬೈಯಿರಿ. ರಿಕ್ವೈರ್‌ಮೆಂಟ್ ಮೂರು ಸಲ ಬದಲಾಯಿಸಿದವರನ್ನೂ ಸೇರಿಸಿ ಬೈಯಿರಿ.

ಬಿಡದಿ ಬಾಬು

ಟೊಯೊಟಾದ ದುಬಾರಿ ಬ್ರ್ಯಾಂಡ್ ಲೆಕ್ಸಸ್ ಬಗ್ಗೆ ಯಾರೂ ಮಾತಾಡುತ್ತಿಲ್ಲವಲ್ಲ. ನಮ್ಮ ಬಿಡದಿಯಲ್ಲೇ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ 2020ರಲ್ಲೇ ಅದರ ಇಎಸ್ 300ಎಚ್ ಕಾರು ಜೋಡಿಸಲು ಶುರು ಮಾಡಿದರು. ಹೈಬ್ರಿಡ್, ಪ್ಲಗ್ ಇಲ್ಲ, ಚಾರ್ಜರ್ ಹುಡುಕುವ ತಲೆನೋವಿಲ್ಲ. ಎಲ್ಲರೂ ಎಲೆಕ್ಟ್ರಿಕ್ ಅಂತ ಓಡುವಾಗ ಟೊಯೊಟಾ ಕಂಪನಿಯ ಅಕಿಯೊ ಟೊಯೊಡಾ ಒಂದೇ ದಾರಿ ಸಾಲದು ಅಂತ ಹೇಳುತ್ತಲೇ ಇದ್ದರು. ನಕ್ಕವರು ಈಗ ಹೈಬ್ರಿಡ್ ಮಾಡುತ್ತಿದ್ದಾರೆ.

ಇಸಾರ್ ದಂಡೆ

ಬಾಬು ಅವರೇ, ಲೆಕ್ಸಸ್ ಕೂಡ 2035ಕ್ಕೆ ಪೂರ್ತಿ ಎಲೆಕ್ಟ್ರಿಕ್ ಅಂತ 2021ರ ಡಿಸೆಂಬರಿನಲ್ಲಿ ಹೇಳಿತ್ತು. ಅದನ್ನು ಹೇಳಿದ್ದು ಇದೇ ಟೊಯೊಡಾ. ಜೊತೆಗೆ ಈಗ ಶಾಂಘೈನಲ್ಲಿ ಎಲೆಕ್ಟ್ರಿಕ್ ಲೆಕ್ಸಸ್‌ಗೆ ಅಂತಲೇ ಸ್ವಂತ ಕಾರ್ಖಾನೆ ಕಟ್ಟುತ್ತಿದ್ದಾರೆ, 2027ಕ್ಕೆ ತಯಾರಿಕೆ ಶುರು. ಹಾಗಾಗಿ ‘ಹೈಬ್ರಿಡ್ ಗೆದ್ದಿತು’ ಅನ್ನುವುದು ಪೂರ್ತಿ ಚಿತ್ರ ಅಲ್ಲ. ಊರು ನೋಡಿ ಕಾರು ಮಾಡುತ್ತಾರೆ. ಚೀನಾಕ್ಕೆ ಎಲೆಕ್ಟ್ರಿಕ್, ನಮಗೆ ಹೈಬ್ರಿಡ್.

ಅದಿರಲಿ, ಈ ಇಡೀ ಚರ್ಚೆಯ ಬೇರು ಚೀನಾದಲ್ಲೇ ಇದೆ. ಪೋರ್ಷೆ ಲೆಕ್ಕ ನೋಡಿ. 2021ರಲ್ಲಿ ಚೀನಾದಲ್ಲಿ 95,671 ಕಾರು ಮಾರಿದ್ದರು. 2024ರಲ್ಲಿ 56,887. ಮೂರೇ ವರ್ಷ! ಅವರ ಎಲೆಕ್ಟ್ರಿಕ್ ಕಾರು ಟೈಕಾನ್ 2021ರಲ್ಲಿ ಪ್ರಪಂಚದಾದ್ಯಂತ 41,296 ಹೋಗಿತ್ತು, ಅವರ ಹೆಮ್ಮೆಯ ಪೆಟ್ರೋಲ್ ಸ್ಪೋರ್ಟ್ಸ್ ಕಾರು 911ಗಿಂತ ಜಾಸ್ತಿ. ಆ ವರ್ಷ ಎಲ್ಲರಿಗೂ ಅನಿಸಿತು, ಮುಗಿಯಿತು, ಸ್ಪೋರ್ಟ್ಸ್ ಕಾರಿನವನೂ ಎಲೆಕ್ಟ್ರಿಕ್ ಒಪ್ಪಿದ ಅಂತ. 2024ಕ್ಕೆ ಅದು 20,836ಕ್ಕೆ ಇಳಿಯಿತು. ಆ ನಡುವೆ ಮೊಬೈಲ್ ಮಾಡುವ ಶಿಯೋಮಿ 2024ರಲ್ಲಿ ಎಸ್‌ಯು7 ತಂದಿತು, ಆರಂಭದ ಬೆಲೆ 2,15,900 ಯುವಾನ್. ನೋಡಲು ಟೈಕಾನ್ ತಮ್ಮನ ಹಾಗೇ. ಬೆಲೆ ಅದರ ಕಾಲು ಭಾಗದ ಆಸುಪಾಸು. ಪರದೆ, ಫೋನಿನ ಜೊತೆ ಹೊಂದಾಣಿಕೆ ಎಲ್ಲ ಅದರಲ್ಲೇ ಚೆನ್ನಾಗಿತ್ತು.

ಪೆಟ್ರೋಲ್ ಪೋರ್ಷೆಗೆ ಆ ದುಡ್ಡು ಕೊಡಲು ಒಂದು ಕಾರಣ ಇತ್ತು. ಅದರ ಎಂಜಿನ್ ಬೇರೆಯವರಿಗೆ ಮಾಡಲು ಬರುತ್ತಿರಲಿಲ್ಲ. ಮೋಟಾರಿನಲ್ಲಿ ಆ ಅಂತರ ಇಲ್ಲ. ಮೂರು ಸೆಕೆಂಡಿನಲ್ಲಿ ನೂರು ಮುಟ್ಟುವುದು ಈಗ ಯಾರಿಗೆ ಬೇಕಾದರೂ ಬರುತ್ತದೆ. ಹಾಗಾದರೆ ನಾಲ್ಕು ಪಟ್ಟು ಯಾಕೆ ಕೊಡಬೇಕು ಅಂತ ಗಿರಾಕಿ ಕೇಳಿದಾಗ ಪೋರ್ಷೆ ಬಳಿ ಉತ್ತರ ಇರಲಿಲ್ಲ. 2025ರ ಸೆಪ್ಟೆಂಬರಿನಲ್ಲಿ ದೊಡ್ಡ ತಿರುವು ತಗೊಂಡರು. ಕಯೆನ್‌ಗಿಂತ ದೊಡ್ಡ ಹೊಸ ಎಸ್‌ಯುವಿ ಎಲೆಕ್ಟ್ರಿಕ್ ಆಗಬೇಕಿತ್ತು, ಮೊದಲು ಪೆಟ್ರೋಲ್ ಮತ್ತು ಪ್ಲಗ್-ಇನ್ ಹೈಬ್ರಿಡ್ (ಎಂಜಿನ್ನೂ ಇದ್ದು, ಪ್ಲಗ್ ಹಾಕಿ ಚಾರ್ಜ್ ಕೂಡ ಮಾಡುವ ಕಾರು) ಆಗಿ ಬರುತ್ತದೆ ಅಂದರು. ಮುಂದಿನ ಎಲೆಕ್ಟ್ರಿಕ್ ಪ್ಲಾಟ್‌ಫಾರ್ಮ್ ಮುಂದಕ್ಕೆ ಹೋಯಿತು. ಆ ವರ್ಷದ ಲಾಭಕ್ಕೆ 180 ಕೋಟಿ ಯೂರೋವರೆಗೆ ಏಟು. ಸ್ವಂತ ಬ್ಯಾಟರಿ ಸೆಲ್ ಮಾಡುವ ಆಸೆಯನ್ನೂ ಅದಕ್ಕೆ ಒಂದು ತಿಂಗಳು ಮುಂಚೆ ಕೈಬಿಟ್ಟಿದ್ದರು.

ಮಕಾನ್‌ದು ಇನ್ನೂ ವಿಚಿತ್ರ. ಯುರೋಪಿನ ಸೈಬರ್ ಸುರಕ್ಷತೆ ನಿಯಮದಿಂದ ಹಳೆ ಪೆಟ್ರೋಲ್ ಮಕಾನ್ 2024ರಲ್ಲಿ ಇಲ್ಲಿ ನಿಂತುಹೋಯಿತು. ಹೊಸದು ಎಲೆಕ್ಟ್ರಿಕ್ ಮಾತ್ರ. ಈಗ ಅದರ ಜಾಗಕ್ಕೆ ಇನ್ನೊಂದು ಪೆಟ್ರೋಲ್ ಎಸ್‌ಯುವಿ ಮಾಡುತ್ತಿದ್ದಾರೆ. ಅದು ಬರುವುದು ಈ ದಶಕದ ಕೊನೆ ಕಡೆಗೆ.

ಘಟ್ಟದ ಗಾಡಿ

ಔಡಿ ಚೀನಾದಲ್ಲಿ ಮಾಡಿದ್ದು ಇನ್ನೂ ಮಜಾ ಇದೆ. ಚೀನಾದ ಕಾರು ಕಂಪನಿ ಎಸ್‌ಎಐಸಿ ಜೊತೆ ಸೇರಿ ಅಲ್ಲಿಗೇ ಅಂತ ಹೊಸ ಬ್ರ್ಯಾಂಡ್ ಮಾಡಿದರು. ಅದರಲ್ಲಿ ಔಡಿಯ ಗುರುತಾದ ನಾಲ್ಕು ಉಂಗುರವೇ ಇಲ್ಲ, ಬರೀ ಔಡಿ ಅಂತ ಅಕ್ಷರ. ತೊಂಬತ್ತು ವರ್ಷದ ಉಂಗುರ ತೆಗೆದು ಇಡಬೇಕು ಅನಿಸಿತು ಅಂದರೆ ಎಷ್ಟು ಹೆದರಿರಬೇಕು! ಇತ್ತ ಯುರೋಪಿನಲ್ಲಿ ಸಮಸಂಖ್ಯೆ ಎಲೆಕ್ಟ್ರಿಕ್, ಬೆಸಸಂಖ್ಯೆ ಪೆಟ್ರೋಲ್ ಅಂತ ಹೆಸರಿಟ್ಟು, ಎ4 ಅನ್ನು ಎ5 ಮಾಡಿ, 2025ರಲ್ಲಿ ಆ ಪದ್ಧತಿಯನ್ನೇ ಬಿಟ್ಟರು. ಡೀಲರುಗಳ ಗತಿ ಯೋಚಿಸಿ.

ಕೋಲಾರದ ಕೇಶವ

ಟಾಟಾದವರ ಜಾಗ್ವಾರ್ ಏನಾಯಿತು ಯಾರಾದರೂ ಹೇಳಿ. ಬೇಸರ ಆಗುತ್ತದೆ. 2018ರಲ್ಲಿ ಐ-ಪೇಸ್ ಅನ್ನುವ ಎಲೆಕ್ಟ್ರಿಕ್ ಕಾರು ತಂದಾಗ ಔಡಿ, ಮರ್ಸಿಡಿಸ್‌ಗಿಂತ ಮುಂದೆ ಇದ್ದರು. 2019ರ ವರ್ಲ್ಡ್ ಕಾರ್ ಆಫ್ ದಿ ಇಯರ್ ಅದೇ.

ಮಲ್ಲೇಶ್ವರದ ಮಂಜ

ಕೇಶವಣ್ಣ, ಜಾಗ್ವಾರ್ ಒಂದೇ ಏಟಿಗೆ ಎಲ್ಲ ಪಣಕ್ಕಿಟ್ಟಿತು. ಐ-ಪೇಸ್ ಸ್ವಂತ ಕಾರ್ಖಾನೆಯಲ್ಲಿ ಆಗಲೇ ಇಲ್ಲ, ಆಸ್ಟ್ರಿಯಾದ ಗ್ರಾಜ್‌ನಲ್ಲಿ ಮ್ಯಾಗ್ನಾ ಕಂಪನಿ ಮಾಡಿಕೊಡುತ್ತಿತ್ತು. 2021ರಲ್ಲಿ, ಮುಗಿಯುವ ಹಂತದಲ್ಲಿದ್ದ ಎಲೆಕ್ಟ್ರಿಕ್ ಎಕ್ಸ್‌ಜೆ ಅನ್ನುವ ದೊಡ್ಡ ಕಾರನ್ನು ಬಿಸಾಕಿದರು. ಆಮೇಲೆ ಇನ್ನೂ ದುಬಾರಿ, ಇನ್ನೂ ಕಡಿಮೆ ಸಂಖ್ಯೆ ಅಂತ ತೀರ್ಮಾನ ಮಾಡಿ, 2024ರ ಕೊನೆಗೆ ಬ್ರಿಟನ್‌ನಲ್ಲಿ ಹೊಸ ಜಾಗ್ವಾರ್ ಮಾರುವುದನ್ನೇ ನಿಲ್ಲಿಸಿದರು. ಶೋರೂಮಿನಲ್ಲಿ ಕಾರೇ ಇಲ್ಲದ ಹೊತ್ತಿನಲ್ಲಿ ಜಾಹೀರಾತು ಬಿಟ್ಟರು, ಅದರಲ್ಲೂ ಕಾರು ಇರಲಿಲ್ಲ.

ಆದರೆ ಒಂದೇ ಮನೆಯ ರೇಂಜ್ ರೋವರ್ ನೋಡಿ. ಒಂದೇ ಬಾಡಿ, ಅದರಲ್ಲಿ ಪೆಟ್ರೋಲ್, ಪ್ಲಗ್-ಇನ್ ಹೈಬ್ರಿಡ್, ಎಲೆಕ್ಟ್ರಿಕ್ ಮೂರೂ ಕೂರುವ ಹಾಗೆ ಮಾಡಿದ್ದಾರೆ. ಎಲೆಕ್ಟ್ರಿಕ್ ತಡ ಆಯಿತು, ಆದರೂ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ, ಯಾಕೆಂದರೆ ಉಳಿದ ಎರಡು ಮಾರಾಟ ಆಗುತ್ತಿದ್ದವು. ನನ್ನ ವಾದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ಇಸಾರ್ ದಂಡೆ

ಹಾಗಾದರೆ ಡೆಬ್ರೆಸೆನ್ ಬಗ್ಗೆ ಏನು ಹೇಳುತ್ತೀಯಾ ಮಂಜ? ಹಂಗೇರಿಯಲ್ಲಿ ಬಿಎಂಡಬ್ಲ್ಯು ಹೊಸ ಕಾರ್ಖಾನೆ ಕಟ್ಟಿದೆ, ಅಲ್ಲಿ ಎಲೆಕ್ಟ್ರಿಕ್ ಮಾತ್ರ. 2025ರ ಸೆಪ್ಟೆಂಬರಿನಲ್ಲಿ ಮ್ಯೂನಿಕ್ ಪ್ರದರ್ಶನದಲ್ಲಿ ತೋರಿಸಿದ ಹೊಸ ಐಎಕ್ಸ್3 ಅಲ್ಲಿಂದ ಬರುತ್ತದೆ. 1960ರ ದಶಕದಲ್ಲಿ ಕಂಪನಿಯನ್ನು ಮುಳುಗದಂತೆ ಉಳಿಸಿದ ‘ನೋಯೆ ಕ್ಲಾಸೆ’ ಹೆಸರನ್ನೇ ಮತ್ತೆ ಇಟ್ಟು, ಸಾವಿರ ಕೋಟಿ ಯೂರೋಗಿಂತ ಜಾಸ್ತಿ ಸುರಿದಿದ್ದಾರೆ. 800 ವೋಲ್ಟ್, 400 ಕಿಲೋವ್ಯಾಟ್ ಚಾರ್ಜಿಂಗ್, 805 ಕಿಮೀವರೆಗೆ. ಪೆಟ್ರೋಲಿಗೆ ಅದರಲ್ಲಿ ಜಾಗವೇ ಇಲ್ಲ. ಇಲ್ಲೇ ನನ್ನ ಮನೆ ಹತ್ತಿರದ ಮ್ಯೂನಿಕ್ ಕಾರ್ಖಾನೆಯಲ್ಲಿ 2023ರಲ್ಲೇ ಎಂಜಿನ್ ತಯಾರಿಕೆ ನಿಂತಿತು, 2027ರ ಕೊನೆಯಿಂದ ಬರೀ ಎಲೆಕ್ಟ್ರಿಕ್. ಇದೂ ಬ್ರಸೆಲ್ಸ್ ಥರದ್ದೇ ಪಣ ಅಲ್ವಾ?

ಮಲ್ಲೇಶ್ವರದ ಮಂಜ

ಪ್ರಶ್ನೆ ಚೆನ್ನಾಗಿದೆ. ಪಣ ಹೌದು, ಆದರೆ ಸೋತರೆ ಮನೆ ಹೋಗುವ ಪಣ ಅಲ್ಲ. ಹೊಸ ಪೆಟ್ರೋಲ್ ಎಕ್ಸ್3 2024ರಲ್ಲೇ ಬಂದಿದೆ, ಐಎಕ್ಸ್3 ಜೊತೆಗೇ ಮಾರುತ್ತಾರೆ. ಡಿಂಗೋಲ್ಫಿಂಗ್ ಲೈನು ಹಾಗೇ ಇದೆ. ಹೊಸ ಪರದೆ, ಹೊಸ ಕಂಪ್ಯೂಟರು, ಹೊಸ ಮುಖ ಇವನ್ನೆಲ್ಲ 2027ರೊಳಗೆ ಪೆಟ್ರೋಲ್ ಕಾರುಗಳಿಗೂ ಹಾಕುತ್ತಿದ್ದಾರೆ. ಅಂದರೆ ಆ ಸಾವಿರ ಕೋಟಿಯಲ್ಲಿ ಒಂದು ಪಾಲು ಎಲೆಕ್ಟ್ರಿಕ್ ಓಡದಿದ್ದರೂ ದಂಡ ಆಗುವುದಿಲ್ಲ. ಔಡಿ ಹತ್ತಿರ ಆ ಮೆತ್ತೆ ಇರಲಿಲ್ಲ.

ವೋಲ್ಟ್ ವನಜ

ಇದಕ್ಕೆ ನನ್ನದೂ ಒಪ್ಪಿಗೆ, ಒಂದು ತಕರಾರಿನ ಜೊತೆ. ತಾರೀಕು ಹೇಳಿದವರನ್ನು ಸುಮ್ನೆ ದಡ್ಡರು ಅನ್ನಬೇಡಿ. ಯುರೋಪು 2035ಕ್ಕೆ ಹೊಸ ಕಾರಿನ ಹೊಗೆ ಸೊನ್ನೆ ಅಂತ ಕಾನೂನು ಮಾಡಿತ್ತು. ಅಮೆರಿಕದಲ್ಲಿ 7,500 ಡಾಲರ್ ತೆರಿಗೆ ರಿಯಾಯಿತಿ ಇತ್ತು. ಸರ್ಕಾರಗಳನ್ನು ನಂಬಿ ಕಟ್ಟಿದರು. ಅಮೆರಿಕದ ರಿಯಾಯಿತಿ 2025ರ ಸೆಪ್ಟೆಂಬರ್ 30ಕ್ಕೆ ಮುಗಿಯಿತು. ಯುರೋಪಿಯನ್ ಕಮಿಷನ್ ಅದೇ ಡಿಸೆಂಬರಿನಲ್ಲಿ ಶೇ 100 ಬದಲು ಶೇ 90 ಕಡಿತ ಸಾಕು ಅಂತ ಪ್ರಸ್ತಾವ ಇಟ್ಟಿತು. ಕಾರು ವಿನ್ಯಾಸ ಮಾಡಿ ಲೈನಿಗೆ ತರಲು ನಾಲ್ಕೈದು ವರ್ಷ ಬೇಕು. ಅಷ್ಟರಲ್ಲಿ ಚುನಾವಣೆ ಬಂದು ಹೋಗುತ್ತದೆ.

ಕೋಲಾರದ ಕೇಶವ

ಇದೆಲ್ಲ ಸರಿ. ನಮ್ಮ ಅಳಿಯನಿಗೆ ಐವತ್ತು ಲಕ್ಷದ ಆಸುಪಾಸಿನಲ್ಲಿ ಕಾರು ಬೇಕಂತೆ. ಎಲೆಕ್ಟ್ರಿಕ್ ತಗೊಳ್ಳಲಾ ಬೇಡವಾ ಅಂತ ಕೇಳುತ್ತಿದ್ದಾನೆ. ಇಲ್ಲಿ ಈ ಕಂಪನಿಗಳ ಜಗಳದಿಂದ ನಮಗೇನು ಲಾಭ?

ಘಟ್ಟದ ಗಾಡಿ

ಲಾಭ ಇದೆ. ಇಲ್ಲಿ ಎಲೆಕ್ಟ್ರಿಕ್‌ಗೆ ಜಿಎಸ್‌ಟಿ ಶೇ 5. ಅದೇ ದರ್ಜೆಯ ಪೆಟ್ರೋಲಿಗೆ, ಹೈಬ್ರಿಡ್‌ಗೆ ಶೇ 40. ಕರ್ನಾಟಕದಲ್ಲಿ ಮೊದಲು ಎಲೆಕ್ಟ್ರಿಕ್‌ಗೆ ರಸ್ತೆ ತೆರಿಗೆಯೇ ಇರಲಿಲ್ಲ. 2024ರಿಂದ 25 ಲಕ್ಷ ಮೀರಿದ ಎಲೆಕ್ಟ್ರಿಕ್ ಕಾರಿಗೆ ಶೇ 10 ಹಾಕಿದರು. ಆದರೂ ಪೆಟ್ರೋಲಿನ ಶೇ 18ಕ್ಕಿಂತ ಕಡಿಮೆ. ಹಾಗಾಗಿ ಯಾರು ಇಲ್ಲೇ ಜೋಡಿಸುತ್ತಾರೋ ಅವರ ಎಲೆಕ್ಟ್ರಿಕ್ ಪೆಟ್ರೋಲ್ ಬೆಲೆಗೇ ಬರುತ್ತದೆ. ಬಿಎಂಡಬ್ಲ್ಯು ಚೆನ್ನೈನಲ್ಲಿ ಜೋಡಿಸುವ ಉದ್ದ ವೀಲ್‌ಬೇಸಿನ ಎಲೆಕ್ಟ್ರಿಕ್ ಐಎಕ್ಸ್1, 2025ರ ಜನವರಿಯಲ್ಲಿ 49 ಲಕ್ಷಕ್ಕೆ ಬಂತು. ಅವರದ್ದೇ ಪೆಟ್ರೋಲ್ ಎಕ್ಸ್1 ಕೂಡ ಆಗ ಹೆಚ್ಚುಕಡಿಮೆ ಅಷ್ಟೇ ಇತ್ತು. ನಮ್ಮ ಹೊಸಕೋಟೆಯಲ್ಲಿ ವೋಲ್ವೋ ಜೋಡಿಸುವ ಇಎಕ್ಸ್30 ಅದೇ ವರ್ಷ 41 ಲಕ್ಷಕ್ಕೆ ಬಂತು, ಎಲ್ಲ ಎಕ್ಸ್‌ಶೋರೂಮ್ ಬೆಲೆ.

800 ವೋಲ್ಟ್ ಅಂತ ಯಾರಾದರೂ ಆಸೆ ತೋರಿಸಿದರೆ ಜಾಸ್ತಿ ಮರುಳಾಗಬೇಡಿ. ಹೆದ್ದಾರಿಯಲ್ಲಿ ಸಿಗುವ ಚಾರ್ಜರಿನಲ್ಲಿ ಬಹಳಷ್ಟು 60 ಕಿಲೋವ್ಯಾಟ್ ಆಸುಪಾಸಿನವು. 400 ಕಿಲೋವ್ಯಾಟ್ ತಗೊಳ್ಳುವ ಕಾರಾದರೂ ಅಲ್ಲಿ ಸಾಲಿನಲ್ಲೇ ಕಾಯಬೇಕು. ಯುರೋಪಿನಲ್ಲಿ ಮೊದಲು ಬಂದ ಹೊಸ ಸಿಎಲ್‌ಎಗೆ 400 ವೋಲ್ಟಿನ ಫಾಸ್ಟ್ ಚಾರ್ಜರಿನಲ್ಲಿ ಚಾರ್ಜೇ ಆಗುತ್ತಿರಲಿಲ್ಲ. ಕೊಳ್ಳುವ ಮುಂಚೆ ಇದನ್ನು ಕೇಳಿ.

ಡೀಸೆಲ್ ದಾಸ

ಮತ್ತೆ ಮಾರುವಾಗಿನ ಬೆಲೆ? ಅದನ್ನು ಯಾರೂ ಹೇಳುತ್ತಿಲ್ಲ. ಯುರೋಪಿನಲ್ಲಿ, ಅಮೆರಿಕದಲ್ಲಿ ಇಕ್ಯೂಎಸ್, ಟೈಕಾನ್ ಸೆಕೆಂಡ್ ಹ್ಯಾಂಡ್ ಬೆಲೆ ನೋಡಿದರೆ ಅಳು ಬರುತ್ತದೆ. ಮಾಡೆಲ್ಲೇ ನಿಲ್ಲಿಸಿಬಿಟ್ಟರೆ ಇನ್ನೂ ಕಷ್ಟ.

ವೋಲ್ಟ್ ವನಜ

ಅದಕ್ಕೇ ಕೇಶವಣ್ಣ, ಅಳಿಯನಿಗೆ ಹೇಳಿ. ದಿನಾ ಮನೆಯಲ್ಲೇ ಚಾರ್ಜ್ ಮಾಡಲು ಜಾಗ ಇದ್ದರೆ ತಗೊಳ್ಳಲಿ, ಅಪಾರ್ಟ್‌ಮೆಂಟಿನವರು ಇನ್ನೂ ಅನುಮತಿ ಕೊಟ್ಟಿಲ್ಲ ಅಂದರೆ ಬುಕ್ ಮಾಡುವ ಮುಂಚೆ ಅದನ್ನು ಮುಗಿಸಿಕೊಳ್ಳಲಿ. ಬ್ಯಾಟರಿಗೆ ಸಾಮಾನ್ಯವಾಗಿ 8 ವರ್ಷ ಅಥವಾ 1.6 ಲಕ್ಷ ಕಿಮೀ ಗ್ಯಾರಂಟಿ ಕೊಡುತ್ತಾರೆ, ಅದು ಎರಡನೇ ಮಾಲೀಕನಿಗೂ ಸಿಗುತ್ತದಾ ಅಂತ ಬರವಣಿಗೆಯಲ್ಲಿ ತಗೊಳ್ಳಲಿ. ಸಾಫ್ಟ್‌ವೇರ್ ಅಪ್‌ಡೇಟ್ ಎಷ್ಟು ವರ್ಷ ಅಂತಲೂ ಕೇಳಲಿ. ಸೇಲ್ಸ್ ಹುಡುಗನಿಗೆ ಉತ್ತರ ಗೊತ್ತಿರುವುದಿಲ್ಲ, ಮ್ಯಾನೇಜರ್ ಹತ್ತಿರ ಇಮೇಲ್ ಹಾಕಿಸಿಕೊಳ್ಳಬೇಕು.

ಕೋಲಾರದ ಕೇಶವ

ಹೇಳುತ್ತೇನೆ ಮೇಡಂ. ಅವನು ಬಣ್ಣ ಮಾತ್ರ ಆಗಲೇ ತೀರ್ಮಾನ ಮಾಡಿದ್ದಾನೆ.